ಸೋಮವಾರದ ಗುಳಿಗೆ

ಜೇವರ್ಗಿಯ ಡಾಕ್ಟರಬಾಯಿ ಆ ಮಾತು ಹೇಳಿದಾಗ ನಾನು ಮೊದಲು ನಕ್ಕುಬಿಟ್ಟೆ. ಆಮೇಲೆ ಕುರ್ಚಿ ಬಿಟ್ಟು ನೆಲಕ್ಕೆ ಕುಳಿತೆ. ನನಗೆ ಮಕ್ಕಳಾಗದಿರಲಿಕ್ಕೆ ನಮ್ಮ ಅತ್ತೆಯ ಹರಕೆಯೇ ಕಾರಣ ಎಂದು ಆಕೆ ಹೇಳಿದ್ದಳು. ಅದು ಮಕ್ಕಳಾಗಲಿ ಎಂದು ಹೊತ್ತ ಹರಕೆ.

ಇದನ್ನು ಬಾಯಿಂದ ಹೇಳಿದಾಗಲೆಲ್ಲ ಮನೆಯ ಹುಡುಗರು "ಆಯಿ, ಸುಳ್ಳ ಹೇಳಬ್ಯಾಡ" ಅನ್ನುತ್ತಾರೆ. ಬರೆದರೆ ನಂಬುತ್ತಾರಂತೆ. ಫೋನಿನಲ್ಲಿ ಕನ್ನಡ ಒತ್ತುವುದು ಈಗಷ್ಟೇ ಕೈಗೆ ಹತ್ತಿದೆ, ಬರೆದೇ ಬಿಡುತ್ತೇನೆ.

ನನ್ನ ತವರು ಆಳಂದದ ಹತ್ತಿರದ ಮಟಕಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ನನ್ನನ್ನು ಅಫಜಲಪುರ ತಾಲೂಕಿನ ಕರಜಗಿಗೆ ಕೊಟ್ಟರು. ಮಾವ ನಾನು ಆ ಮನೆಗೆ ಹೋಗುವ ಮೊದಲೇ ತೀರಿಕೊಂಡಿದ್ದರು. ಹೊಲ, ದನ, ಕಬ್ಬು, ಆಳುಗಳು, ನನ್ನ ಗಂಡ, ನಾನು, ಎಲ್ಲರೂ ಅತ್ತೆಯ ಹುಕುಮಿನಲ್ಲಿದ್ದೆವು. ಅತ್ತೆ ಕೆಟ್ಟವಳಲ್ಲ. ರೊಟ್ಟಿಯ ಮೇಲೆ ಬೆಣ್ಣೆ ಹಾಕುವಾಗ ಮಗನಿಗೆಷ್ಟೋ ಸೊಸೆಗೂ ಅಷ್ಟೇ ಹಾಕುತ್ತಿದ್ದಳು. ಆದರೆ ಒಂದು ಸಲ ಏನಾದರೂ ತಲೆಗೆ ಬಂತೆಂದರೆ ಅದನ್ನು ಹೊರಗೆ ಹಾಕುವುದು ಯಾರಿಂದಲೂ ಆಗುತ್ತಿರಲಿಲ್ಲ.

ಮದುವೆಯ ಹೊಸದರಲ್ಲಿ ನಮ್ಮ ಅವ್ವನಿಗೆ ಹುಷಾರಿಲ್ಲದೆ ನಾನು ಹೆಚ್ಚು ಕಾಲ ಮಟಕಿಯಲ್ಲೇ ಇದ್ದೆ. ಗಂಡ ಒಂದೂರು, ಹೆಂಡತಿ ಒಂದೂರು, ಮಕ್ಕಳು ಬಸ್ಸಿನಲ್ಲಿ ಆಗುತ್ತವೆಯೇ? ಆದರೆ ಅತ್ತೆ ತಾಳಿ ಕಟ್ಟಿದ ದಿನದಿಂದಲೇ ಕಾಯಲು ಶುರುಮಾಡಿದ್ದಳು. ಕಾದು ಕಾದು ಒಂದು ಹರಕೆ ಹೊತ್ತಳು. ಒಂದು ಶ್ರಾವಣದಿಂದ ಮುಂದಿನ ಶ್ರಾವಣದವರೆಗೆ ಪ್ರತಿ ಸೋಮವಾರ ನಮ್ಮ ಲಿಂಗಾಯತರ ಜಂಗಮ ಗುರು ಅಯ್ಯನವರನ್ನು ಮನೆಗೆ ಕರೆಯಬೇಕು. ನಾನು ನನ್ನ ಕೈಯಿಂದಲೇ ಅಡುಗೆ ಮಾಡಿ, ಅವರ ಪಾದಕ್ಕೆ ನೀರು ಹಾಕಿ, ಬಡಿಸಬೇಕು. ನಡುವೆ ಒಂದು ಸೋಮವಾರ ತಪ್ಪಿದರೂ ಹರಕೆ ಮೊದಲಿನಿಂದ ಹಿಡಿಯಬೇಕು.

ಹೆಂಗಸರಿಗೆ ಇದು ಎಂಥ ಹರಕೆ ನೋಡಿ. ತಿಂಗಳಲ್ಲಿ ಹೊರಗೆ ಕೂರುವ ದಿನಗಳು ಸೋಮವಾರ ಯಾವುದು, ಬುಧವಾರ ಯಾವುದು ಎಂದು ಕೇಳಿ ಬರುವುದಿಲ್ಲ. ಆ ದಿನಗಳಲ್ಲಿ ನಮ್ಮ ಮನೆಯ ಹೆಂಗಸರು ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂರಬೇಕಿತ್ತು. ಶುರುಮಾಡಿದ ಹರಕೆ ಮೊದಲ ತಿಂಗಳೇ ಮುರಿಯಿತು. ಮತ್ತೆ ಶುರುವಾಯಿತು, ಮತ್ತೆ ಮುರಿಯಿತು. ಅತ್ತೆ ನನ್ನನ್ನು ಹೀಗೆ ನೋಡುತ್ತಿದ್ದಳು, ನಾನೇ ಬೇಕೆಂದು ಸೋಮವಾರವನ್ನು ಆರಿಸುತ್ತೇನೆ ಎಂಬಂತೆ.

ಆಗ ಅಫಜಲಪುರದಲ್ಲಿ ಒಂದು ಮದುವೆಗೆ ಹೋಗಿದ್ದ ಅತ್ತೆ ಮುಖ ಅರಳಿಸಿಕೊಂಡು ಬಂದಳು. ಮದುಮಗಳ ತಾಯಿ ಅವಳಿಗೆ ಒಂದು ಗುಟ್ಟು ಹೇಳಿದ್ದಳು. ಔಷಧ ಅಂಗಡಿಯಲ್ಲಿ ಬಿಳಿ ಗುಳಿಗೆ ಸಿಗುತ್ತದೆ, ಅದನ್ನು ನುಂಗುತ್ತಿರುವಷ್ಟು ದಿನ ಮುಟ್ಟು ಬರುವುದಿಲ್ಲ, ಬಿಟ್ಟ ಮೇಲೆ ಬರುತ್ತದೆ.

"ನೋಡಬೇ," ಎಂದು ಅತ್ತೆ ನನ್ನೆದುರು ಕುಳಿತು ಬೆರಳು ಮಡಚಿದಳು. "ಸೋಮವಾರ ಅಯ್ಯನೋರು ಉಂಡ ಹೋದ ಮ್ಯಾಲ ಗುಳಿಗಿ ಬಿಡು. ವಾರದ ನಡುವ ಆಗ್ತದ. ಮುಂದಿನ ಸೋಮವಾರದಾಗ ತಲಿ ಮ್ಯಾಲ ನೀರ ಹಾಕ್ಕೊಂಡು ಚೊಕ್ಕ ಆಗ್ತಿ. ಅವತ್ತಿಂದ ಮತ್ತ ಗುಳಿಗಿ ಹಿಡಿ. ಮುಂದಿನ ತಿಂಗಳ ತನಕ ಫಿಕರೇ ಇಲ್ಲ."

"ಅತ್ತೀ, ದೇವರಿಗೇ ಟೋಪಿ ಹಾಕಾಕತ್ತೀರಿ."

"ದೇವರಿಗಿ ಅಲ್ಲಬೇ, ಸೋಮವಾರಕ್ಕ."

ಅತ್ತೆಯ ಬುದ್ಧಿಗೆ ನಾನು ತಲೆದೂಗಿದೆ. ಗಡಿಯಾರಕ್ಕೆ ಕೀಲಿ ಕೊಟ್ಟಂತೆ ನನ್ನ ದೇಹ ನಡೆಯತೊಡಗಿತು. ಒಂದೂ ಸೋಮವಾರ ತಪ್ಪಲಿಲ್ಲ. ಎದೆ ನೋಯುತ್ತಿತ್ತು, ಹೊಟ್ಟೆ ಉಬ್ಬುತ್ತಿತ್ತು, ಮಧ್ಯಾಹ್ನ ಕುಳಿತಲ್ಲೇ ತೂಕಡಿಕೆ ಬರುತ್ತಿತ್ತು. ಅತ್ತೆ ಅದನ್ನೆಲ್ಲ ಕಂಡು ಪ್ರತಿ ತಿಂಗಳೂ "ಈ ಸಲ ಹರಕಿ ಮುಟ್ಟೇತಿ" ಎಂದು ಓಣಿಯಲ್ಲಿ ಪಿಸುಗುಟ್ಟಿ ಬರುತ್ತಿದ್ದಳು. ಗುಳಿಗೆ ಬಿಟ್ಟೊಡನೆ ಮುಟ್ಟು ಬರುತ್ತಿತ್ತು, ಪಿಸುಗುಟ್ಟಿದ್ದನ್ನು ನುಂಗಿಕೊಂಡು ಕೂರುತ್ತಿದ್ದಳು.

ವರ್ಷ ತುಂಬಿತು. ನನ್ನ ಹೊಟ್ಟೆ ಮಾತ್ರ ತುಂಬಲಿಲ್ಲ. ಅತ್ತೆ ಹರಕೆಯನ್ನು ಇನ್ನೊಂದು ವರ್ಷಕ್ಕೆ ಬೆಳೆಸಿದಳು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದಳು. ಅಂದೋಲಾದಲ್ಲಿ ಆಕೆಯ ತಮ್ಮನಿಗೆ ಒಬ್ಬ ಮಗಳಿದ್ದಾಳೆ. ಬರುವ ಶ್ರಾವಣ ಮುಗಿಯುವುದರೊಳಗೆ ನನ್ನಿಂದ ಏನೂ ಆಗದಿದ್ದರೆ ಆ ಹುಡುಗಿಯನ್ನು ಮಗನಿಗೆ ತಂದುಕೊಳ್ಳುತ್ತಾಳೆ.

"ನಿನ್ನನ್ನೇನ್ ಮನಿ ಬಿಟ್ಟ ಕಳಿಸಂಗಿಲ್ಲ," ಎಂದಳು. "ಇಬ್ಬರೂ ಇರ್ರಿ. ಅಕ್ಕ ತಂಗೇರ ಹಂಗ."

ನನಗೆ ಸ್ವಂತ ಅಕ್ಕನೇ ಒಬ್ಬಳಿದ್ದಳು, ಇನ್ನೊಬ್ಬ ತಂಗಿ ಯಾರಿಗೆ ಬೇಕಿತ್ತು? ಗಂಡನನ್ನು ಕೇಳಿದೆ. "ಅವ್ವನ ಮುಂದ ನಾ ಏನ್ ಮಾತಾಡ್ಲಿ" ಎಂದು ಕಬ್ಬಿಗೆ ನೀರು ಬಿಡಲು ಹೋದ. ಆ ಮನುಷ್ಯ ಬೇಸರವಾದಾಗಲೆಲ್ಲ ಕಬ್ಬಿಗೆ ನೀರು ಬಿಡುತ್ತಿದ್ದ. ಆ ವರ್ಷ ಕಬ್ಬು ಬಹಳ ಚೆನ್ನಾಗಿ ಬಂದಿತ್ತು.

ಬೇಸಗೆಯಲ್ಲಿ ಅಕ್ಕನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಜೇವರ್ಗಿಗೆ ಹೋದೆ. ಕಾರ್ಯ ಮುಗಿದ ಮಾರನೆಯ ದಿನ ಅಕ್ಕ ಮಗುವನ್ನು ಎದೆಗೆ ಅವುಚಿಕೊಂಡು, ನನ್ನ ಕೈ ಹಿಡಿದು, ಅವರ ಓಣಿಯ ಡಾಕ್ಟರಬಾಯಿಯ ದವಾಖಾನೆಗೆ ಎಳೆದುಕೊಂಡು ಹೋದಳು. ಆಕೆ ಮುಸಲ್ಮಾನರ ಹೆಣ್ಣುಮಗಳು. ನಮ್ಮ ಮಾತು, ಅವರ ಮಾತು ಎರಡನ್ನೂ ಕಲಸಿ ಆಡುತ್ತಿದ್ದಳು. ಹೊಟ್ಟೆ ಒತ್ತಿ ನೋಡಿದಳು, ಕಣ್ಣು ನೋಡಿದಳು, ಏನೇನೋ ಕೇಳಿದಳು.

"ದವಾ ಏನಾರೆ ತಗೋತಿ?"

"ಇಲ್ರಿ ಬಾಯಿ. ನಾ ಗುಳಿಗಿನೇ ನುಂಗಂಗಿಲ್ಲ. ಸೋಮವಾರದ್ದು ಬಿಟ್ರ."

ಬರೆಯುತ್ತಿದ್ದ ಆಕೆಯ ಕೈ ನಿಂತಿತು. "ಸೋಮವಾರದ್ದು ಅಂದ್ರ?"

ನಾನು ಎಲೆಯಡಿಕೆಯ ಸಂಚಿ ಬಿಚ್ಚಿ ಗುಳಿಗೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಅತ್ತೆಯ ಯುಕ್ತಿಯನ್ನು ಹೆಮ್ಮೆಯಿಂದಲೇ ವಿವರಿಸಿದೆ. ಎಂದು ಹಿಡಿಯುವುದು, ಎಂದು ಬಿಡುವುದು, ಎಂದು ತಲೆ ಮೇಲೆ ನೀರು, ಎಲ್ಲ. ಡಾಕ್ಟರಬಾಯಿಯ ಬಾಯಿ ತೆರೆದೇ ಇತ್ತು.

"ಯಾ ಅಲ್ಲಾ. ಯಾರ ಕೊಟ್ಟಾರ ಇದು ನಿನಗ?"

"ನಮ್ಮತ್ತಿರಿ. ಮಕ್ಕಳಾಗ್ಲಿ ಅಂತ."

ಆಕೆ ಅಕ್ಕನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಕೇಳಿಲ್ಲಿ. ಮಕ್ಕಳು ಬ್ಯಾಡ ಅಂತ ನನ್ನ ಕಡಿ ಬರ್ತಾರಲ್ಲ, ಅವರಿಗಿ ನಾ ಇದೇ ಜಾತಿ ಗುಳಿಗಿ ಕೊಡ್ತೇನಿ. ಬರೋಬ್ಬರಿ ಹಿಂಗೇ ನುಂಗ್ರಿ, ಹಿಂಗೇ ಒಂದ್ ವಾರ ಬಿಡ್ರಿ ಅಂತೇನಿ. ನಿಮ್ಮತ್ತಿ ಯಾ ಕಾಲೇಜಿನ್ಯಾಗ ಕಲ್ತಾಳ?"

ನಾನು ನಕ್ಕು ನೆಲಕ್ಕೆ ಕುಳಿತದ್ದು ಆಗಲೇ.

ಆಕೆ ನನ್ನನ್ನು ಎಬ್ಬಿಸಿ ಕೂರಿಸಿದಳು. ನೀರು ಕೊಟ್ಟಳು. "ಮುಟ್ಟು ಎಲ್ಲಿಂದ ಬರ್ತದ, ಹೇಳು" ಎಂದಳು. ಇದೆಂಥ ಪ್ರಶ್ನೆ ಎಂದು ನಾನು ನಾಚಿಕೆಯಿಂದ ಹೊಟ್ಟೆ ತೋರಿಸಿದೆ. ಆಕೆ ನನ್ನ ಹಣೆಯ ಮೇಲೆ ಬೆರಳಿನಿಂದ ಕುಟ್ಟಿದಳು.

"ಹುಕುಂ ಇಲ್ಲಿಂದ ಬರ್ತದ."

ಎರಡನೆಯ ಸಲ ದಂಗಾದೆ. ತಲೆಯಿಂದ?

ಆಕೆ ಬೆರಳಿನ ಗಂಟಿನಿಂದ ಮೇಜಿನ ಮೇಲೆ ಟಕ್, ಟಕ್ ಎಂದು ಬಡಿಯುತ್ತ ಹೇಳಿದಳು. ಮಿದುಳಿನ ಬುಡದಲ್ಲಿ ಚೂರೇ ಚೂರು ಜಾಗವಿದೆಯಂತೆ. ಅಲ್ಲಿಂದ ಡಂಗುರದ ಹಾಗೆ ಬಿಟ್ಟು ಬಿಟ್ಟು ಒಂದು ಸದ್ದು ಹೋಗುತ್ತದೆ. ಅದು ಕಿವಿಗೆ ಕೇಳುವ ಸದ್ದಲ್ಲ, ಹನಿ ಹನಿ ರಸ. ಅದರ ಕೆಳಗೆ ಕಡಲೆಕಾಳಿನಷ್ಟು ಗಾತ್ರದ ಒಂದು ಗ್ರಂಥಿ ತೂಗುತ್ತಿರುತ್ತದೆ. ಡಂಗುರ ಕೇಳಿದ ಕೂಡಲೇ ಅದು ತನ್ನ ರಸವನ್ನು ರಕ್ತಕ್ಕೆ ಬಿಡುತ್ತದೆ. ಆ ರಸ ಕೆಳಗಿಳಿದು ಹೆಣ್ಣಿನ ಅಂಡವನ್ನು ಬಲಿಸುತ್ತದೆ. ಬಲಿತ ಅಂಡ ಒಂದು ದಿನ ಸಿಪ್ಪೆ ಒಡೆದು ಹೊರಗೆ ಬರುತ್ತದೆ.

"ಆ ಖಾಲಿ ಸಿಪ್ಪಿ ಬಿಸಾಡಂಗಿಲ್ಲ ಅದು," ಎಂದಳು. "ಹಳದಿ ಆಗಿ ಅಲ್ಲೇ ಕುಂತು ಇನ್ನೊಂದು ರಸ ಮಾಡ್ತದ. ಪ್ರೊಜೆಸ್ಟೆರಾನ್ ಅಂತಾರ. ಅದು ಎರಡ ಕೆಲಸ ಮಾಡ್ತದ. ಕೂಸಿಗಿ ಅಂತ ಒಳಗ ಹಾಸಿಗಿ ಹಾಸ್ತದ. ಮತ್ತ ಮ್ಯಾಲ ತಲಿಗಿ ಹೋಗಿ, ಅಂಡಾ ಬಂದಾಯ್ತು, ಇನ್ನ ಡಂಗುರ ಮೆಲ್ಲಕ ಹೊಡೀರಿ ಅಂತ ಹೇಳ್ತದ."

ಟಕ್... ಟಕ್... ಆಕೆಯ ಬೆರಳು ನಿಧಾನವಾಯಿತು.

ಬಸಿರಾಗಲಿಲ್ಲವೆಂದರೆ ಆ ಹಳದಿ ಸಿಪ್ಪೆ ಬಾಡುತ್ತದೆ, ರಸ ಇಳಿಯುತ್ತದೆ, ಹಾಸಿದ ಹಾಸಿಗೆ ಕಳಚಿ ಬೀಳುತ್ತದೆ. ಅದೇ ಮುಟ್ಟು. ಮೇಲೆ ಡಂಗುರ ಮತ್ತೆ ಜೋರಾಗುತ್ತದೆ, ಹೊಸ ಅಂಡ ಬಲಿಯುತ್ತದೆ. ಬಸಿರಾದರೆ ರಸ ಇಳಿಯುವುದೇ ಇಲ್ಲ, ತಲೆ ಸುಮ್ಮನೆ ಕೂರುತ್ತದೆ.

"ಈ ಗುಳಿಗಿ ಅದೇ ರಸದ ನಕಲು," ಎಂದು ಆಕೆ ಹಾಳೆಯನ್ನು ಎತ್ತಿ ಹಿಡಿದಳು. "ನೀ ಅಂಡಾ ಬಲಿಯೂ ಮೊದಲೇ ನುಂಗ್ತಿ. ತಲಿಗಿ ಖಬರ್ ಹೋಗ್ತದ, ಎಲ್ಲ ಆಗ್ಯಾದ ಅಂತ. ಅದು ಡಂಗುರ ಹೊಡಿಯಂಗೇ ಇಲ್ಲ. ಅಂಡಾ ಬರಂಗೇ ಇಲ್ಲ. ಊರಾಗ ಎಲ್ಲರೂ ನಿನಗ ಬಂಜಿ ಅನ್ನಾಕತ್ತಾರ. ನಿನ್ನ ತಲಿ ಒಂದೇ ನೀ ಬಸರಿದ್ದಿ ಅಂತ ತಿಳ್ಕೊಂಡು ಕುಂತದ."

"ಮತ್ತ ಪ್ರತಿ ತಿಂಗಳ ಆಗೋದು?"

"ಗುಳಿಗಿ ಬಿಟ್ಟಿ, ನಕಲು ರಸ ಇಳೀತು, ಹಾಸಿಗಿ ಬಿತ್ತು. ಖರೇ ಮುಟ್ಟಲ್ಲ ಅದು. ತಲಿ ಏಳಬೇಕಂತ ಕಣ್ಣ ತೆರಿಯೂದ್ರಾಗ ನಿಮ್ಮತ್ತಿ ಮತ್ತ ಮಲಗಸ್ತಾಳ."

ನನ್ನದೇ ತಲೆ. ಅದನ್ನು ನಾನೇ ದಿನಾ ಎಣ್ಣೆ ಹಚ್ಚಿ ಬಾಚುತ್ತಿದ್ದೆ. ಒಳಗೆ ಅದು ಇಷ್ಟು ದೊಡ್ಡ ಕಾರಭಾರ ನಡೆಸುತ್ತಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಕ್ಕ ಮಾತ್ರ ಮಗುವಿನ ಕುಲಾವಿಯಿಂದ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಇತ್ತೀಚೆಗೆ ಫೋನಿನಲ್ಲಿ ಇನ್ನೊಂದು ಸಂಗತಿ ಓದಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಡಂಗುರ ಹೊಡೆಯುವ ಮಿದುಳಿನ ಜೀವಕಣಗಳಿಗೆ ಪ್ರೊಜೆಸ್ಟೆರಾನಿನ ಮಾತು ನೇರವಾಗಿ ಕೇಳಿಸುವುದಿಲ್ಲವಂತೆ! ಪಕ್ಕದಲ್ಲಿ ಬೇರೆ ಕಣಗಳಿವೆ, ಅವಕ್ಕೆ ಕೇಳಿಸುತ್ತದೆ. ಅವು ಹೋಗಿ ಡಂಗುರದವನ ಕೈ ಹಿಡಿಯುತ್ತವೆ. ತಲೆಯೊಳಗೂ ಓಣಿಯ ಹೆಂಗಸರೇ ಇದ್ದಾರೆ ಎಂದಾಯಿತು.

ಕರಜಗಿಗೆ ಮರಳಿದ ದಿನ ಮೊದಲು ಗಂಡನಿಗೆ ಹೇಳಿದೆ. ನಮ್ಮ ಮನೆಯ ಎದುರಿನ ಗೋಡೆಯ ಮೇಲೆ ಸರಕಾರದವರು ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದು ಹೋಗಿದ್ದರು. ಅತ್ತೆ ಅದನ್ನು ಕಂಡಾಗಲೆಲ್ಲ ಬೈಯುತ್ತಿದ್ದಳು. ಗಂಡ ಆ ಗೋಡೆಯ ಕಡೆ ತಿರುಗಿದ.

"ಅಂದ್ರ ನಮ್ಮವ್ವ ನಮ್ಮ ಮ್ಯಾಲ ಫ್ಯಾಮಿಲಿ ಪ್ಲಾನಿಂಗ್ ಮಾಡ್ಯಾಳ?"

"ಹೌದ್ರಿ. ದಕ್ಷಿಣಿ ಕೊಟ್ಟು, ಊಟ ಹಾಕಿ."

ಅವನು ಈ ಸಲ ಕಬ್ಬಿಗೆ ನೀರು ಬಿಡಲು ಹೋಗಲಿಲ್ಲ. ನನ್ನ ಜೊತೆ ಒಳಗೆ ಬಂದು ಅತ್ತೆಯ ಎದುರು ನಿಂತ. ನಾನು ಡಾಕ್ಟರಬಾಯಿ ಹೇಳಿದ್ದನ್ನೆಲ್ಲ ಹೇಳಿದೆ, ನೆಲಕ್ಕೆ ಟಕ್ ಟಕ್ ಎಂದು ಬಡಿದು ಕೂಡ ತೋರಿಸಿದೆ. ಅತ್ತೆ ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

"ತಲಿಗೂ ಬಸರಿಗೂ ಏನ್ ಸಂಬಂಧ ಬೇ? ಹಂಗಿದ್ರ ಶಾಣ್ಯಾ ಮಂದಿಗಿ ಹೆಚ್ಚ ಮಕ್ಕಳ ಆಗಬೇಕಿತ್ತು."

"ಗುಳಿಗಿ ಇನ್ನ ನುಂಗಂಗಿಲ್ರಿ ಅತ್ತೀ."

"ಸೋಮವಾರ ತಪ್ಪಿದ್ರ?"

"ತಪ್ಪಲಿ," ಎಂದ ನನ್ನ ಗಂಡ.

ಆ ಮನೆಯಲ್ಲಿ ಅವನ ಗಂಟಲು ಹಾಗೆ ಕೇಳಿಸಿದ್ದು ಅದೇ ಮೊದಲು. ಅತ್ತೆಯ ಕೈಯೊಳಗಿನ ಮೊರ ಅಲ್ಲೇ ನಿಂತಿತು. "ಆಯ್ತು. ಶ್ರಾವಣದ ತನಕ ನೋಡ್ತೇನಿ. ಆಮ್ಯಾಲ ಅಂದೋಲಾಕ್ಕ ಹೋಗಾಕಿ ಹೋಗಾಕಿನೇ" ಎಂದಳು.

ಗುಳಿಗೆ ಬಿಟ್ಟ ಮೇಲೆ ನನ್ನ ತಲೆ ಎಚ್ಚರವಾಯಿತೋ ಇಲ್ಲವೋ ಎಂದು ನನಗೇ ಸಂಶಯ. ಕನ್ನಡಿಯಲ್ಲಿ ನೋಡಿಕೊಂಡು "ಏಳಬೇ, ಬಡಿ" ಎಂದು ಹೇಳಿದ್ದೂ ಉಂಟು. ಕಾಲ ಹಿಂದು ಮುಂದಾಗಿ ಕೊನೆಗೆ ಮುಟ್ಟು ಬಂತು. ಬಂದದ್ದು ಸೋಮವಾರ ಬೆಳಿಗ್ಗೆ! ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಬಾಗಿಲಲ್ಲಿ ಅಯ್ಯನವರ ಕೋಲಿನ ಗೆಜ್ಜೆ ಕೇಳಿಸುತ್ತಿತ್ತು. ಅತ್ತೆ ಎದೆ ಬಡಿದುಕೊಂಡು ಅಯ್ಯನವರ ಮುಂದೆ ಹೋಗಿ ನಿಂತಳು.

"ಅಯ್ಯನೋರ, ಹರಕಿ ಮುರೀತ್ರಿ. ಸೊಸಿ ಹೊರಗಾಗ್ಯಾಳ."

ಅಯ್ಯನವರು ವಯಸ್ಸಾದವರು. ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಂಡರು. "ಅಡಿಗಿ ಆಗ್ಯಾದೋ ಇಲ್ಲೋ ತಾಯಿ?"

"ಆಗ್ಯಾದ್ರಿ. ಆದ್ರ ಆಕಿ..."

"ಆಕಿ ಕೊಳ್ಳಾಗ ಲಿಂಗ ಅದಿಲ್ಲೋ?"

"ಅದರಿ."

"ಲಿಂಗ ಕಟ್ಟಿಕೊಂಡವರಿಗಿ ಎಲ್ಲಿ ಸೂತಕ ತಾಯಿ? ನಮ್ಮ ಶರಣರು ಅದನ್ನ ಯಾವಾಗೋ ತಗದ ಒಗದಾರ. ಬಡಸಾಕ ಹೇಳು, ಹೊಟ್ಟಿ ಹಸ್ದದ."

ಅತ್ತೆ ಕಲ್ಲಿನಂತಾದಳು. ಒಳಗೆ ಸೌಟು ಹಿಡಿದ ನಾನೂ ಕಲ್ಲಿನಂತಾದೆ. ನಾನು ನುಂಗಿದ ಅಷ್ಟೂ ಗುಳಿಗೆ ನಮ್ಮವರಿಗೆ ಇರದೇ ಇದ್ದ ಒಂದು ಕಟ್ಟಳೆಗಾಗಿ!

"ಮತ್ತ ಇಷ್ಟ ವರ್ಷ ನೀವ್ಯಾಕ ಹೇಳ್ಲಿಲ್ರಿ?" ಅತ್ತೆಯ ಧ್ವನಿ ಸಣ್ಣಗಾಗಿತ್ತು.

"ನೀವ್ ಯಾರೂ ಕೇಳ್ಲಿಲ್ಲ. ನಾ ಉಣ್ಣಾಕ ಬಂದಾವ, ಉಂಡ ಹೋಗ್ತಿದ್ದೆ."

"ಹಂಗಾದ್ರ ನಾ ಇಷ್ಟ ವರ್ಷ ಕೊಟಿಗ್ಯಾಗ ಕುಂತಿದ್ದು?"

ಅತ್ತೆ ಈ ಮನೆಗೆ ಬಂದಾಗ ಇನ್ನೂ ಹುಡುಗಿ. ಮಳೆಯಲ್ಲಿ, ಚಳಿಯಲ್ಲಿ, ಜ್ವರ ಬಂದಾಗಲೂ ದನಗಳ ನಡುವೆ ಕುಳಿತವಳು. ಆಕೆ ಕಂಬಕ್ಕೆ ಒರಗಿ ನಿಂತು ಕೊಟ್ಟಿಗೆಯ ಕಡೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ "ಬಡಸು" ಎಂದಳು. ನಾನು ಬಡಿಸಿದೆ. ಅಯ್ಯನವರು ಒಂದೊಂದು ತುತ್ತು ನುಂಗಿದಾಗಲೂ ಅತ್ತೆ ಅವರ ಗಂಟಲನ್ನೇ ನೋಡುತ್ತಿದ್ದಳು, ಏನಾದರೂ ಆದೀತೇ ಎಂದು. ಅವರು ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡರು.

ಶ್ರಾವಣ ಬಂತು, ಮುಗಿಯುತ್ತಲೂ ಬಂತು. ಮುಟ್ಟು ಬರಬೇಕಾದ ಹೊತ್ತು ದಾಟಿತು, ಬರಲಿಲ್ಲ. ಬೇರೆ ಮನೆಯಾಗಿದ್ದರೆ ಖುಷಿ ಪಡುತ್ತಿದ್ದರು. ನಮ್ಮ ಮನೆಯಲ್ಲಿ ಮುಟ್ಟು ನಿಂತಿತೆಂದರೆ ಗುಳಿಗೆ ನುಂಗಿದ್ದಾಳೆ ಎಂದೇ ಅರ್ಥ. ಅತ್ತೆ ನನ್ನ ಸಂಚಿ ಕೊಡವಿದಳು, ಹಾಸಿಗೆ ಕೊಡವಿದಳು, ಕುಂಕುಮದ ಡಬ್ಬಿಯನ್ನೂ ಬಿಡಲಿಲ್ಲ.

"ಎಲ್ಲಿ ಇಟ್ಟೀದಿ ಹೇಳು. ಅಯ್ಯನೋರು ಹೇಳಿದ್ ಮ್ಯಾಲೂ ಯಾಕ ನುಂಗಿದಿ?"

"ನಿಮ್ಮಾಣಿ ಅತ್ತೀ, ನುಂಗಿಲ್ರಿ."

ನಂಬದೆ ನನ್ನನ್ನು ಬಸ್ಸಿಗೆ ಹತ್ತಿಸಿ ತಾನೇ ಜೇವರ್ಗಿಗೆ ಕರೆದುಕೊಂಡು ಹೋದಳು. ಡಾಕ್ಟರಬಾಯಿಯನ್ನು ಕಂಡವಳೇ "ಈಕಿ ಹೊಟ್ಟ್ಯಾಗ ಗುಳಿಗಿ ಅವಾ ಏನ್ ತಪಾಸ್ ಮಾಡ್ರಿ" ಎಂದಳು. ಡಾಕ್ಟರಬಾಯಿ ನನ್ನನ್ನು ಪರದೆಯ ಹಿಂದೆ ಕರೆದೊಯ್ದು ಪರೀಕ್ಷೆ ಮಾಡಿದಳು, ಮೂತ್ರವನ್ನೂ ನೋಡಿಸಿದಳು. ನಾವಿಬ್ಬರೂ ಬೆಂಚಿನ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕಾದೆವು. ಕೊನೆಗೆ ಆಕೆ ಬಾಗಿಲಿಗೆ ಬಂದು ನಿಂತಳು.

"ಗುಳಿಗಿ ಇಲ್ಲಮ್ಮಾ. ಕೂಸದ."

ಅತ್ತೆ ನನ್ನ ಕೈ ಹಿಡಿದು ಬಸ್ ನಿಲ್ದಾಣದವರೆಗೆ ಬಿರಬಿರನೆ ನಡೆದಳು. ಆದರೆ ಕರಜಗಿಯ ಕಡೆ ಹೋಗುವ ಬಸ್ಸು ಎದುರಿಗೇ ನಿಂತಿದ್ದರೂ ಹತ್ತಲಿಲ್ಲ. ಅಂದೋಲಾದ ಬಸ್ಸು ಹತ್ತಿದಳು. ನಾನೂ ಹಿಂದೆಯೇ ಹತ್ತಿದೆ.

ಆಕೆಯ ತಮ್ಮನ ಮನೆಯ ಅಂಗಳದಲ್ಲಿ ಹೊಸ ಸುಣ್ಣದ ವಾಸನೆ ಇತ್ತು. ಮದುವೆಗೆಂದು ಬಳಿಸಿದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ತಮ್ಮ ಖುಷಿಯಿಂದ ಎದ್ದು ಬಂದ. "ಬಾ ಅಕ್ಕಾ, ನಾನೇ ಮದವಿ ದಿನ ಗೊತ್ತಮಾಡಾಕ ಬರಾಂವ ಇದ್ದೆ."

"ನಿನ್ನ ಮಗಳಿಗಿ ಬ್ಯಾರೆ ಕಡಿ ನೋಡಪ್ಪಾ."

"ಯಾಕ? ಏನಾಯ್ತು?"

"ತಪ್ಪ ನನ್ನ ಸೊಸಿ ಹೊಟ್ಟ್ಯಾಗ ಇರ್ಲಿಲ್ಲ. ನನ್ನ ಕೈಯಾಗ ಇತ್ತು," ಎಂದು ಅತ್ತೆ ಅಂಗೈಯನ್ನು ತೋರಿಸಿದಳು. ಅದರಲ್ಲಿ ಏನಿದೆ ಎಂದು ತಮ್ಮ ಬಗ್ಗಿ ನೋಡಿದ. ಅಲ್ಲಿ ಏನೂ ಇರಲಿಲ್ಲ. "ಆಕಿ ಬಸರಿದ್ದಾಳ. ಇರದಿದ್ರೂ ನಾ ಇದೇ ಮಾತ ಹೇಳಬೇಕಿತ್ತು. ತಡ ಆಯ್ತು ನಂದು."

ತಮ್ಮ ಸಿಟ್ಟಿನಿಂದ ಏನೋ ಅನ್ನುತ್ತಿದ್ದ. ನಾನು ಕೇಳಿಸಿಕೊಳ್ಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಒಬ್ಬಳು ಹುಡುಗಿ ಚೊಂಬು ನೀರು, ಬೆಲ್ಲ ಹಿಡಿದು ನಿಂತಿದ್ದಳು. ಎರಡು ಜಡೆ, ಕೆಂಪು ರಿಬ್ಬನ್ನು, ಮೊಣಕೈಗೆ ಶಾಲೆಯ ಮಸಿಯ ಕಲೆ. ನಾನು ವರ್ಷವಿಡೀ ಮನಸ್ಸಿನಲ್ಲಿ ಬೈದು ಬೈದು ಇಟ್ಟುಕೊಂಡಿದ್ದ ಸವತಿ ಇವಳು! ದಂಗಾಗಿ ಚೊಂಬು ಹಿಡಿಯುವುದನ್ನೂ ಮರೆತೆ. ಅವಳು ನನ್ನನ್ನು ಒಳಗೆ ಎಳೆದು ಬಾಗಿಲು ಮುಂದೆ ಮಾಡಿದಳು.

"ಯಕ್ಕಾ, ಖರೇನೇ ಬಸರಿದ್ದಿ?"

"ಖರೇ."

"ನಮ್ಮಪ್ಪ ಮನಸು ತಿರುಗಿಸೂದ್ರೊಳಗ ಜಲ್ದಿ ಹಡಿ," ಎಂದು ನನ್ನ ಬಾಯಿಗೆ ಬೆಲ್ಲ ತುರುಕಿದಳು. "ನಂದು ಪರೀಕ್ಷಾ ಅದ."